ನೀಲಿಯ ಐತವಾರ

ನಮ್ಮ ಮನೆಯಲ್ಲಿ ಸೂಜಿದಾರ ಇಡುವ ಒಂದು ತಗಡಿನ ಡಬ್ಬಿಯಿದೆ. ಒಂದು ಕಾಲಕ್ಕೆ ಅದರಲ್ಲಿ ಬಿಸ್ಕೀಟುಗಳಿದ್ದವಂತೆ. ನಾನು ಬಲ್ಲ ಹಾಗೆ ಅದರೊಳಗೆ ಗುಂಡಿಗಳು, ಹುಕ್ಕುಗಳು, ಮೊಂಡು ಕತ್ತರಿ, ಸಿಕ್ಕುಬಿದ್ದ ದಾರದ ಉಂಡೆಗಳಲ್ಲದೆ ತಿನ್ನುವಂಥದ್ದು ಎಂದೂ ಇದ್ದದ್ದಿಲ್ಲ. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೇ ಇರುತ್ತದೆ, ಗೆಳೆಯರೇ. ಮನೆ ಬದಲಾದರೂ ಬದಲಾಗದೆ, ಯಾರೂ ತನ್ನನ್ನು ಗಮನಿಸದಿದ್ದರೂ ಬೇಸರಿಸದೆ, ಕಪಾಟಿನ ಮೂಲೆಯಲ್ಲಿ ಕೂತಿರುವ ಡಬ್ಬಿ. ಮೊನ್ನೆ ರವಿಕೆಯ ಹುಕ್ಕೊಂದು ಕಿತ್ತುಬಂದು, ಅದಕ್ಕೆ ಜೋಡಿ ಹುಡುಕುತ್ತ ಡಬ್ಬಿಯ ತಳಕ್ಕೆ ಕೈಹಾಕಿದಾಗ ಬೆರಳಿಗೆ ಏನೋ ಚುಚ್ಚಿತು. ಎಳೆದು ನೋಡಿದರೆ ತುಕ್ಕು ಹಿಡಿದ ಒಂದು ಪಿನ್ನು, ಪಿನ್ನಿಗೆ ಸಿಕ್ಕಿಸಿದ ಹೆಬ್ಬೆರಳಗಲದ ಏಳು ಬಟ್ಟೆಯ ತುಂಡುಗಳು.

ಏಳರಲ್ಲಿ ಕೆಂಪು ಇನ್ನೂ ಕೆಂಪಾಗಿಯೇ ಇದೆ. ಹಳದಿ ತುಸು ಕಂದಿದೆ, ಗಿಳಿಹಸಿರು ಮಡಿಕೆ ಬಿದ್ದ ಕಡೆ ಬಿಳಚಿಕೊಂಡಿದೆ. ಕೊನೆಯದು ನೀಲಿ, ಅಥವಾ ನೀಲಿಯಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಅದು ನನಗೆ ಒಲೆಯ ಬೂದಿಯಂತೆ ಕಂಡಿತು. ಐವತ್ತು ವರ್ಷ ಕತ್ತಲಲ್ಲಿ ಕೂತ ಬಟ್ಟೆ ಮಾಸಿದೆಯೋ, ಅದಕ್ಕಿಂತ ಹೆಚ್ಚು ವರ್ಷ ಬೆಳಕಿನಲ್ಲಿ ದುಡಿದ ನನ್ನ ಕಣ್ಣೇ ಮಾಸಿದೆಯೋ ತಿಳಿಯಲಿಲ್ಲ. ಹುಕ್ಕಿನ ಚಿಂತೆ ಬಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಈ ತುಂಡುಗಳು ನನ್ನ ಅಪ್ಪನವು. ಅಪ್ಪ ಗುಳೇದಗುಡ್ಡದ ಕಡೆಯವನು. ಅವನ ಅಪ್ಪ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದವನು. ನೂಲಿನ ಬಣ್ಣ ನೋಡಿ ನೋಡಿ ಬೆಳೆದ ಹುಡುಗ ದೊಡ್ಡವನಾಗಿ ಮುಂಬಯಿಗೆ ಬಂದು ಒಂದು ಬಟ್ಟೆ ಗಿರಣಿಯ ರಂಗಖಾತೆಯನ್ನು, ಎಂದರೆ ಬಣ್ಣ ಹಾಕುವ ವಿಭಾಗವನ್ನು, ಸೇರಿದ. ಅಲ್ಲಿ ಉತ್ತರದ ಕಿಟಕಿಯ ಕೆಳಗೆ ಒಂದು ಉದ್ದನೆಯ ಮೇಜು. ಗಿರಾಕಿ ಕಳಿಸಿದ ನಮೂನೆಯ ತುಂಡನ್ನೂ, ಹಂಡೆಯಿಂದ ಹೊಸದಾಗಿ ಬಂದ ಬಟ್ಟೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ, ಹೊಂದಿತು ಅಥವಾ ಹೊಂದಲಿಲ್ಲ ಎಂದು ಹೇಳುವುದು ಅಪ್ಪನ ಕೆಲಸ. ಅವನು ಹೂಂ ಅಂದರೆ ತಾನುಗಟ್ಟಲೆ ಬಟ್ಟೆ ಮುಂದಕ್ಕೆ ಹೋಗುತ್ತಿತ್ತು. ಊಹೂಂ ಅಂದರೆ ಅಷ್ಟೂ ಮತ್ತೆ ಹಂಡೆಗೆ ಇಳಿಯುತ್ತಿತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನ ಮಾತಿಗೆ ಖಾತೆಯ ಮೇಲ್ವಿಚಾರಕರಾದ, ಕಾಲೇಜು ಕಲಿತ ಮಾಸ್ತರರು ಕಾಯುತ್ತ ನಿಲ್ಲುತ್ತಿದ್ದರೆಂಬುದು ನಮ್ಮ ಮನೆಯ ದೊಡ್ಡ ಅಭಿಮಾನವಾಗಿತ್ತು. ಆ ಮೇಜಿನ ಎದುರು ನಿಂತ ಇಪ್ಪತ್ತು ವರ್ಷ ಅಪ್ಪನ ಬೆನ್ನು ಬಾಗಿದ್ದನ್ನು ಯಾರೂ ನೋಡಿಲ್ಲ ಎಂದು ಅವ್ವ ಹೇಳುತ್ತಿದ್ದಳು.

ನಮ್ಮ ಮನೆ ಆಂಟಾಪ್ ಹಿಲ್‌ನ ಒಂದು ಚಾಳಿನಲ್ಲಿ. ಅಪ್ಪ, ಅವ್ವ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ ಬಸು. ಎಪ್ಪತ್ತರ ದಶಕದ ಮೊದಲ ವರ್ಷಗಳವು. ಹೋಳಿಹುಣ್ಣಿಮೆ ದಾಟಿ, ಮೈಗೆ ಹತ್ತಿದ ಬಣ್ಣ ಹೋಗಿ, ಕಿವಿಯ ಹಿಂದೆ ಮಾತ್ರ ಒಂದಿಷ್ಟು ಗುಲಾಬಿ ಉಳಿದಿರುವಾಗ ಅಪ್ಪ ಒಂದು ದಿನ ಈ ಪಿನ್ನನ್ನು ಅಂಗಿಯ ಕಿಸೆಗೆ ಸಿಕ್ಕಿಸಿಕೊಂಡು, "ಐತವಾರ ಎಲ್ಲಾರೂ ಭಾಂಡುಪಕ್ಕ ಹೋಗೂಣು. ಕೆಂಪು ಹುಡಕೂಣು" ಎಂದ. ಹಾಗೆ ನಮ್ಮ ಬಣ್ಣದ ಐತವಾರಗಳು ಮೊದಲಾದವು. ವಾರಕ್ಕೊಂದು ಬಣ್ಣ. ಬೆಳಿಗ್ಗೆ ವಡಾಳಾದಲ್ಲಿ ಲೋಕಲ್ ಹತ್ತಿ, ಕುರ್ಲಾದಲ್ಲಿ ಇಳಿದು, ಸೇತುವೆಯ ಮೇಲಿನ ಜನಪ್ರವಾಹದಲ್ಲಿ ಒಬ್ಬರ ಸೆರಗು ಇನ್ನೊಬ್ಬರು ಹಿಡಿದು ದಾಟಿ, ಠಾಣೆಯ ಕಡೆಯ ಗಾಡಿ ಹಿಡಿದರೆ ಭಾಂಡುಪ್. ಪಶ್ಚಿಮಕ್ಕೆ ಇಳಿದರೆ ಗುಡ್ಡ, ಪೂರ್ವಕ್ಕೆ ಇಳಿದರೆ ಉಪ್ಪಿನ ಗದ್ದೆಗಳು. ಅವ್ವ ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿ. ಬಸುವಿನ ಹೆಗಲಿಗೆ ನೀರಿನ ಬಾಟಲಿ.

ಮುಂಬಯಿಗೆ ವಸಂತ ಬರುವುದಿಲ್ಲ, ಮಳೆ ಬರುತ್ತದೆ ಮತ್ತು ಬೆವರು ಬರುತ್ತದೆ ಎನ್ನುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಮೊದಲ ಐತವಾರ ಕಿಸೆಯಿಂದ ಕೆಂಪು ತುಂಡು ಹೊರಬಂದದ್ದೇ ತಡ, ಅದುವರೆಗೆ ಎಲ್ಲಿ ಅಡಗಿತ್ತೋ ಏನೋ, ಊರೆಲ್ಲ ಕೆಂಪಾಯಿತು. ರೈಲುಹಳಿಯ ಪಕ್ಕ ಎಲೆಯೆಲ್ಲ ಕಳಚಿ ನಿಂತ ಬೂರುಗದ ಮರದಲ್ಲಿ ಬೊಗಸೆಯಷ್ಟು ದೊಡ್ಡ ಹೂಗಳು. ಗುಡ್ಡದ ಏರಿನಲ್ಲಿ ಮುತ್ತುಗ. ಹಾಲವಾಣದ ಕೊಂಬೆಯ ತುದಿಯಲ್ಲಿ ಉಗುರಿನ ಹಾಗೆ ಬಾಗಿದ ಎಸಳು. ಒಂದು ಬಣ್ಣವನ್ನು ಹುಡುಕುವವನಿಗೆ ಲೋಕ ಆ ಬಣ್ಣವನ್ನೇ ಎತ್ತಿ ಎತ್ತಿ ಕೊಡುತ್ತದೆ. ಮರುವಾರ ಹಳದಿ ಹುಡುಕಿದಾಗ ಅದೇ ಗುಡ್ಡದಲ್ಲಿ ಕೆಂಪು ಹಿಂದೆ ಸರಿದು, ಎಲ್ಲೋ ಒಂದು ಕಕ್ಕೆಯ ಮರ ಗೊಂಚಲು ಇಳಿಬಿಟ್ಟು ಮುಂದೆ ಬಂದು ನಿಂತಿತ್ತು. ಹಸಿರಿನ ವಾರವಂತೂ ನಾವು ಸೋತುಹೋದೆವು. ಹೊಂಗೆಯ ಹಸಿರು ಬೇರೆ, ಮಾವಿನದು ಬೇರೆ, ಅರಳಿಯ ಎಳೆಯ ಚಿಗುರಿಗೆ ಹಸಿರೆಂಬ ಹೆಸರೇ ಸಲ್ಲದು. ನೋಡಿದ್ದೇವೆ ಎಂದುಕೊಂಡದ್ದರಲ್ಲಿ ನೋಡದೆ ಬಿಟ್ಟದ್ದೇ ಹೆಚ್ಚು ಎಂದು ನನಗೆ ತಿಳಿದದ್ದು ಹನ್ನೊಂದನೆಯ ವಯಸ್ಸಿನಲ್ಲಿ, ಆ ಗುಡ್ಡದ ಮೇಲೆ.

ಆಟಕ್ಕೆ ಕಟ್ಟಳೆಗಳಿದ್ದವು. ಕೀಳಬಾರದು, ಉದುರಿದ್ದನ್ನಷ್ಟೇ ಎತ್ತಬೇಕು. ಬಿಸಿಲಿನಲ್ಲಿ ನೋಡಬಾರದು, ನೆರಳಿಗೆ ತಂದು ನೋಡಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಗಿರಣಿಯ ಮೇಜಿನಿಂದ ಬಂದದ್ದು. ಅಪ್ಪ ಅದನ್ನು ನನಗೆ ಒಂದು ಬೂರುಗದ ಎಸಳಿನ ಎದುರು ಕೂರಿಸಿಕೊಂಡು ಕಲಿಸಿದ.

"ಕಣ್ಣು ಬಾಳ ಮರ್ಯಾದಸ್ತ ಐತವಾ, ಶಾರೀ. ಬಾಳ ಹೊತ್ತು ನೋಡಿದ್ರ ಅದಕ್ಕ ದಾಕ್ಷಿಣ್ಯ ಬರತೈತಿ. ಹೊಂದಲಾರದ್ದನ್ನೂ ಹೊಂದೈತಿ ಅಂದುಬಿಡತೈತಿ. ಒಂದ ಸಲ ನೋಡು. ನೆಲಾ ನೋಡು. ಮತ್ತೊಂದ ಸಲ ನೋಡು. ಆಮ್ಯಾಲ ಬಾಯಿ ತಗಿ."

ಕಣ್ಣಿನ ದಾಕ್ಷಿಣ್ಯ! ಎಷ್ಟು ಜನ ಪಂಡಿತರು ಈ ಮಾತನ್ನು ಎಷ್ಟು ಸುತ್ತಿ ಬಳಸಿ ಹೇಳಿದ್ದಾರೋ. ನಮ್ಮಪ್ಪ ಬರಿಗಾಲಲ್ಲಿ, ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಹೇಳಿದ. ಮುಂದಿನ ವರ್ಷ ಚಾಳಿನ ಇನ್ನೂ ಎರಡು ಮನೆಯವರು ಮಕ್ಕಳುಮರಿ ಕಟ್ಟಿಕೊಂಡು ನಮ್ಮ ಜೊತೆ ಬರತೊಡಗಿದರು. ಪಕ್ಕದ ಮನೆಯ ಗಂಗಕ್ಕ ಬೆಳಗಾವಿಯವಳು. ಗುಡ್ಡ ಹತ್ತುವಾಗ ಉಬ್ಬಸ ಬಿಡುತ್ತ, "ಸಂತಿಯೊಳಗ ಬದನೀಕಾಯಿ ಆರಿಸಿದಂಗ ಇದೇನ್ರೀ ಬಣ್ಣಾ ಆರಿಸೂದು" ಎಂದು ನಗುತ್ತಿದ್ದಳು. ಆದರೆ ಎಲ್ಲರಿಗಿಂತ ಮೊದಲು ತುಂಡಿಗೆ ಹೊಂದುವ ಎಸಳು ತರುತ್ತಿದ್ದವಳೂ ಅವಳೇ.

ಎರಡು ವಸಂತಗಳಲ್ಲಿ ಆರು ಬಣ್ಣಗಳು ಮುಗಿದು ಮತ್ತೆ ಮೊದಲಾಗುತ್ತಿದ್ದವು. ಏಳನೆಯದರ ಸರದಿ ಬಂದಾಗ ಮಾತ್ರ ಅಪ್ಪನಿಗೆ ಏನೋ ಅಡ್ಡಿ. ಒಮ್ಮೆ ತಲೆನೋವು, ಒಮ್ಮೆ ಊರಿಂದ ಬಂದ ಬೀಗರು. ನೀಲಿಯ ಐತವಾರ ಮುಂದಕ್ಕೆ ಹೋಗುತ್ತಲೇ ಇತ್ತು.

ಈಗ ನಿಮಗೊಂದು ಅಂಗಿಯ ವಿಷಯ ಹೇಳಬೇಕು. ಅಪ್ಪ ಗಿರಣಿಗೆ ಬಿಳಿ ಅಂಗಿಯನ್ನೇ ಹಾಕಿಕೊಂಡು ಹೋಗುತ್ತಿದ್ದ. ಬಣ್ಣ ನೋಡುವವನು ಬಣ್ಣ ತೊಡಬಾರದು, ಅದರ ನೆರಳು ಬಟ್ಟೆಯ ಮೇಲೆ ಬೀಳುತ್ತದೆ ಎಂಬುದು ಅವನ ನೇಮ. ಆ ಬಿಳಿ ಹಳದಿಯಾಗದಂತೆ ಒಗೆದ ಮೇಲೆ ಅವ್ವ ಬಕೇಟಿನ ನೀರಿಗೆ ಚಿಟಿಕೆ ನೀಲಿ ಪುಡಿ ಕಲಸಿ ಅದ್ದುತ್ತಿದ್ದಳು. ಎರಡನೆಯ ವರ್ಷದ ಮಳೆಗಾಲದಿಂದ ಅಪ್ಪನ ತಕರಾರು ಮೊದಲಾಯಿತು. "ನೀಲಿ ಹಾಕೂದು ಬಿಟ್ಟೇನು? ಅಂಗಿ ಹಳದಿ ಹೊಡ್ಯಾಕತ್ತೈತಿ." ಅವ್ವ ಎರಡು ಚಿಟಿಕೆ ಹಾಕಿದಳು. "ಇನ್ನೂ ಹಳದಿ." ಮೂರು ಹಾಕಿದಳು. ಚಮಚೆ ಹಿಡಿದಳು. ದೀಪಾವಳಿಯ ಹೊತ್ತಿಗೆ ಅಪ್ಪನ ಅಂಗಿಗಳು ಹಗ್ಗದ ಮೇಲೆ ಒಣಗುವಾಗ ಆಕಾಶದ ಚೂರುಗಳಂತೆ ಕಾಣುತ್ತಿದ್ದವು. "ಏನ ಬೇ ಅಕ್ಕಾ, ಯಜಮಾನ್ರು ಬಿಳಿ ಬಿಟ್ರೇನು?" ಎಂದು ಗಂಗಕ್ಕ ಕೇಳಿದರೆ ಅವ್ವ ಖಾಲಿ ಬಕೇಟು ಎತ್ತಿಕೊಂಡು ಒಳಗೆ ಬಂದಳು. ಆ ಅಂಗಿ ತೊಟ್ಟು ಕನ್ನಡಿಯ ಎದುರು ನಿಂತು, "ಈಗ ನೋಡು, ಅಡ್ಡಿ ಇಲ್ಲ. ಬೆಳ್ಳಗಾತು" ಎಂದು ಅಪ್ಪ ಹೇಳಿದ ಬೆಳಿಗ್ಗೆ ಅವ್ವ ಒಲೆಯ ಕಡೆ ಮುಖ ತಿರುಗಿಸಿದ್ದನ್ನು ನಾನು ಕಂಡೆ.

ಮೂರನೆಯ ವಸಂತದಲ್ಲಿ, ಬಸವ ಜಯಂತಿಗೆ ಇನ್ನೇನು ಎರಡು ವಾರ ಇರುವಾಗ ಅಪ್ಪ ತಾನಾಗಿ ಹೇಳಿದ: "ಈ ಐತವಾರ ನೀಲಿ. ಮಂದಿ ಬ್ಯಾಡ. ನಾವು ನಾಲ್ಕ ಮಂದೀನ ಸಾಕು." ಭಾಂಡುಪಿನಲ್ಲಿ ಅಂದು ಗುಡ್ಡದ ಕಡೆ ಹೋಗಲಿಲ್ಲ, ಪೂರ್ವಕ್ಕೆ ಇಳಿದು ಉಪ್ಪಿನ ಗದ್ದೆಗಳ ಬದುವಿನ ಮೇಲೆ ನಡೆದೆವು. ಇಕ್ಕೆಲದಲ್ಲಿ ಗುಡ್ಡೆ ಹಾಕಿದ ಉಪ್ಪು, ಮಡಿಗಳಲ್ಲಿ ನಿಂತ ನೀರು, ನೀರಿನಲ್ಲಿ ಆಕಾಶ. ಗೆದ್ದೆನೆಂದು ಬಸು ಕುಣಿದಾಡಿದ: "ಅಪ್ಪಾ, ಪೂರಾ ಆಸ್ಮಾನ್ ನೀಲಿ ಐತಿ! ನಾ ಜೀತ್ ಗಯಾ!" ಅಪ್ಪ ತಲೆಯಾಡಿಸಿದ. "ಆಕಾಶ ಕೈಗೆ ಸಿಗಂಗಿಲ್ಲೋ. ತುಂಡಿನ ಬಾಜೂಕ ಇಡಾಕ ಬರಬೇಕು."

ನೀಲಿಯಷ್ಟು ಧಾರಾಳವಾದ ಬಣ್ಣ ಇನ್ನೊಂದಿಲ್ಲ. ತಲೆ ಎತ್ತಿದರೆ ಅದೇ. ಆದರೆ ನೆಲ ನೋಡಿ ಹುಡುಕುವವನಿಗೆ ನೀಲಿಯಷ್ಟು ಜುಗ್ಗ ಬಣ್ಣವೂ ಇಲ್ಲ. ಒಂದು ತಾಸು ಹುಡುಕಿದೆವು. ಒಂದು ಶಂಖಪುಷ್ಪದ ಬಳ್ಳಿ ಸಿಕ್ಕೀತೆಂದು ಅವ್ವ ಬೇಲಿ ಬೇಲಿ ತಡಕಿದಳು, ಸಿಗಲಿಲ್ಲ. ಮಿಂಚುಳ್ಳಿಯೊಂದು ನೀರಿನ ಮೇಲೆ ಹಾದುಹೋಯಿತು, ಗರಿ ಉದುರಿಸಲಿಲ್ಲ. ಆಗ ಬದುವಿನ ಅಂಚಿನ ಎಕ್ಕದ ಗಿಡದ ಬುಡದಲ್ಲಿ ಅಪ್ಪ ಬಗ್ಗಿದ. ಉದುರಿದ ಒಂದು ಎಲೆ ಎತ್ತಿ, ಬಿಸಿಲಿಗೆ ಬೆನ್ನು ಮಾಡಿ, ಅಂಗೈ ಮೇಲೆ ಎಲೆಯನ್ನೂ ನೀಲಿ ತುಂಡನ್ನೂ ಪಕ್ಕಪಕ್ಕ ಇಟ್ಟುಕೊಂಡ. ಒಮ್ಮೆ ನೋಡಿದ. ನೆಲ ನೋಡಿದ. ಮತ್ತೊಮ್ಮೆ ನೋಡಿದ.

"ಶಾರೀ, ಇಲ್ಲಿ ಬಾ. ಹೊಂದೈತೇನು? ಖರೇ ಹೇಳು."

ಎಕ್ಕದ ಎಲೆ ನಿಮಗೆ ಗೊತ್ತು. ಮೇಲೆ ಬೂದಿ ಚೆಲ್ಲಿದ ಹಸಿರು ಅದು. ಬೂದಿ ಎನ್ನಿ, ಹಸಿರು ಎನ್ನಿ, ನೀಲಿ ಎನ್ನಲು ಮಾತ್ರ ಸಾಧ್ಯವಿಲ್ಲ. ನಾನು ಒಮ್ಮೆ ನೋಡಿದೆ. ಕಟ್ಟಳೆಯಂತೆ ನೆಲ ನೋಡಿದೆ. ಅಲ್ಲಿ ಅಪ್ಪನ ಉಪ್ಪು ಹತ್ತಿದ ಚಪ್ಪಲಿಗಳಿದ್ದವು. ಎರಡನೆಯ ಸಲ ಎಲೆಯನ್ನು ನೋಡಬೇಕಾದವಳು ಅಪ್ಪನ ಮುಖ ನೋಡಿದೆ. ಶಾಲೆಯ ಫಲಿತಾಂಶದ ಹಲಗೆಯ ಎದುರು ನಿಂತ ಮಕ್ಕಳ ಮುಖದಲ್ಲಿರುತ್ತದಲ್ಲ, ಆ ಹೆದರಿಕೆ ಇತ್ತು ಅಲ್ಲಿ.

"ಹೊಂದೈತಿ, ಅಪ್ಪಾ" ಎಂದೆ.

"ಅಕ್ಕಾ, ಯೇ ತೊ ಹರಾ..." ಎಂದು, ಇದು ಹಸಿರು ಎನ್ನಲು ಬಾಯಿ ತೆರೆದ ಬಸುವಿನ ತೋಳನ್ನು ಚಿವುಟಿದೆ. ಅವ್ವನ ಕಡೆ ನೋಡಿದೆ. ಅವಳು ಸೆರಗು ಸರಿಮಾಡಿಕೊಳ್ಳುತ್ತ ದೂರದ ನೀರು ನೋಡುತ್ತಿದ್ದಳು. ಆಟದಲ್ಲಿ ಅಪ್ಪ ಸೋಲಬಾರದೆಂದು ಹಾಗೆ ಅಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಪೂರ್ತಿ ನಿಜವಲ್ಲ. ಅಂಗಿಯ ವಿಷಯ ನನಗೂ ತಿಳಿದಿತ್ತು. ತಿಳಿದದ್ದನ್ನು ಬಾಯಿಬಿಟ್ಟು ಹೇಳುವವಳು ನಾನಾಗುವುದು ನನಗೆ ಬೇಡವಾಗಿತ್ತು. ಆ ದಿನ ಅಪ್ಪ ಸ್ಟೇಶನ್ನಿನ ಹೊರಗೆ ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದ. ಕುರ್ಲಾದ ಸೇತುವೆಯ ಮೇಲೆ ಒಂಬತ್ತು ವರ್ಷದ ಬಸುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದ. ಅಷ್ಟು ಹಗುರವಾದ ಅಪ್ಪನನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಮಳೆ ಹಿಡಿದ ಮೇಲೆ ಒಂದು ಸಂಜೆ ಅವನು ಹೊತ್ತಿಗೆ ಮುಂಚೆ ಮನೆಗೆ ಬಂದ. ಯಾವುದೋ ಶಾಲೆಯ ಸಮವಸ್ತ್ರಕ್ಕೆಂದು ಹೋದ ತಿಳಿನೀಲಿ ಬಟ್ಟೆ ಅಷ್ಟೂ ತಿರುಗಿ ಬಂದಿತ್ತು. ನೀಲಿಯಲ್ಲದೆ ಹಸಿರು ಹೊಡೆಯುತ್ತಿತ್ತಂತೆ. ಹೂಂ ಅಂದವನು ಅಪ್ಪ. ಮಾಸ್ತರರು ಖಾತೆಯ ಎಲ್ಲರ ಎದುರು ಎರಡೂ ತುಂಡುಗಳನ್ನು ಅವನ ಮುಂದೆ ಹಿಡಿದು, ಬೇರೆ ಬೇರೆ ಕಾಣುತ್ತವೆಯೋ ಇಲ್ಲವೋ ಎಂದು ಕೇಳಿದರಂತೆ. ಅಪ್ಪನಿಗೆ ಕಾಣಲಿಲ್ಲ. ಆಗಿಂದಾಗಲೇ ಅವನನ್ನು ಮೇಜಿನಿಂದ ತೆಗೆದು ಬಟ್ಟೆ ಮಡಿಸುವ ಖಾತೆಗೆ ಕಳಿಸಿದರು.

ಇದನ್ನೆಲ್ಲ ಅವನು ಒದ್ದೆ ಕೊಡೆ ಮಡಿಸುತ್ತ, ಬೇರೆ ಯಾರದೋ ಸುದ್ದಿ ಹೇಳುವವನ ಹಾಗೆ ಹೇಳಿದ. ಆಮೇಲೆ ನನ್ನ ಕಡೆ ತಿರುಗಿದ. "ಶಾರೀ, ಅವತ್ತ ಉಪ್ಪಿನ ಗದ್ದ್ಯಾಗ ನೀ ಖರೇ ಹೇಳಿದ್ದೇನು?"

ನಾನು ನೆಲ ನೋಡಿದೆ. ಅಷ್ಟು ಸಾಕಾಯಿತು ಅವನಿಗೆ. ಬಯ್ಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಇದನ್ನು ಹೊತ್ತು ತಿರುಗಬೇಕಾಗಿರಲಿಲ್ಲವೇನೋ.

"ಅನುಮಾನ ನನಗಿತ್ತವಾ" ಎಂದ. "ಎರಡ ವರ್ಷದಿಂದ ಇತ್ತು. ಅದಕ್ಕ ನಿನ್ನ ಕರಕೊಂಡ ಹೋದೆ. ನೀ ಹೊಂದಿಲ್ಲ ಅಂದಿದ್ರ ಸೋಮವಾರ ನಾನ ಹೋಗಿ, ಸಾಹೇಬ್ರ, ನನ್ನ ಕಣ್ಣು ಸರಿಯಿಲ್ಲ, ಮೇಜು ಬ್ಯಾರೇದವರಿಗೆ ಕೊಡ್ರಿ ಅನ್ನಾವ ಇದ್ದೆ. ನಾನ ಕೊಟ್ಟ ಬರಾವ ಇದ್ದೆ, ಶಾರೀ. ಈಗ ಅವರು ಕಸಗೊಂಡ್ರು."

ಆಗ ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಕೂಸಿಗೆ ಯಾಕ ಕೇಳ್ತೀರಿ? ಹೇಳಬೇಕಾದಾಕಿ ನಾನು. ನೀಲಿ ಹಾಕಿ ಹಾಕಿ ನನ್ನ ಕೈ ನೀಲಿ ಆಗ್ಯಾವು, ನೋಡ್ರಿ" ಎಂದು ಎರಡೂ ಕೈ ಮುಂದೆ ಚಾಚಿದಳು. ಅಪ್ಪ ಆ ಕೈಗಳನ್ನು ಹಿಡಿದು ಬಾಗಿಲ ಬೆಳಕಿಗೆ ತಂದ. ಉಗುರಿನ ಸಂದುಗಳಲ್ಲಿ, ಅಂಗೈ ಗೆರೆಗಳಲ್ಲಿ ಕೂತಿದ್ದ ನೀಲಿ ನನಗೆ ನಿಚ್ಚಳವಾಗಿ ಕಾಣುತ್ತಿತ್ತು. ಅವನು ಬಹಳ ಹೊತ್ತು ನೋಡಿದ. ನೋಡಿ, ಆ ಕೈಗಳನ್ನು ತನ್ನ ಕಣ್ಣುಗಳಿಗೆ ಒತ್ತಿಕೊಂಡ.

ಕಣ್ಣಿಗೆ ಬಂದದ್ದು ಪೊರೆ. ಈಗಿನ ಹಾಗೆ ಆಗ ಕೂಡಲೇ ತೆಗೆಯುತ್ತಿರಲಿಲ್ಲ. ಹಣ್ಣಾಗಲಿ ಎಂದು ಕಾಯಿಸುತ್ತಿದ್ದರು. ಕಾಯಿಸಿ, ತೆಗೆದು, ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಕೊಟ್ಟರು. ಅದನ್ನು ಹಾಕಿಕೊಂಡ ಮೊದಲ ದಿನ ಮೋರಿಯ ಹತ್ತಿರ ಅವ್ವ ಕಲಸಿಟ್ಟ ಬಕೇಟಿನ ನೀರು ಕಂಡು ಅಪ್ಪ ಗೋಡೆ ಹಿಡಿದು ನಿಂತ. "ಇಷ್ಟು ನೀಲಿ ಇರತಿತ್ತೇನು ಇದು!" ಎಂದು ಸಣ್ಣ ಹುಡುಗನ ಹಾಗೆ ಬೆರಳದ್ದಿ ನೋಡಿದ. ಆದರೆ ಉತ್ತರದ ಕಿಟಕಿಯ ಕೆಳಗೆ ಅಷ್ಟರಲ್ಲಿ ಬೇರೊಬ್ಬನು ನಿಂತು ಎರಡು ವರ್ಷವಾಗಿತ್ತು. ಮುಂದಿನ ವಸಂತದಲ್ಲಿ ಐತವಾರಗಳು ಮತ್ತೆ ಮೊದಲಾದಾಗ ಅಪ್ಪ ಪಿನ್ನನ್ನು ತನ್ನ ಕಿಸೆಯಿಂದ ತೆಗೆದು ನನ್ನ ಕೈಯಲ್ಲಿಟ್ಟ. "ಇನ್ನ ನೀ ಹಿಡಿ. ಆದ್ರ ಮಾರಿ ನೋಡಿ ಹೇಳಬ್ಯಾಡ. ಬಣ್ಣಾ ನೋಡಿ ಹೇಳು."

ಈ ಮಾತನ್ನು ನಾನು ಎಷ್ಟು ಪಾಲಿಸಿದ್ದೇನೆ ಎಂದು ಕೇಳಿದರೆ ನಾಚಿಕೆಯಾಗುತ್ತದೆ, ಗೆಳೆಯರೇ. ಸಂಸಾರವೆಂಬುದು ಹೆಚ್ಚಾಗಿ ಮುಖ ನೋಡಿ ಹೇಳಿದ ಮಾತುಗಳಿಂದಲೇ ನಡೆಯುತ್ತದೆ. ಹಾಗೆ ನಡೆಯದಿದ್ದರೆ ಎಷ್ಟೋ ಮನೆಗಳಲ್ಲಿ ಒಲೆ ಉರಿಯುತ್ತಿರಲಿಲ್ಲ. ಪ್ರೀತಿಯಿಂದ ಹೇಳಿದ ಸುಳ್ಳನ್ನು ಸುಳ್ಳೆನ್ನಲು ನಾಲಗೆ ಹಿಂಜರಿಯುತ್ತದೆ. ಆದರೆ ಪ್ರೀತಿಸಿದವರಿಂದ ಅವರ ಸೋಲನ್ನು ಬಚ್ಚಿಟ್ಟಾಗ, ಆ ಸೋಲನ್ನು ತಲೆ ಎತ್ತಿ ಒಪ್ಪಿಕೊಳ್ಳುವ ಅವರ ಹಕ್ಕನ್ನೂ ನಾವು ಬಚ್ಚಿಟ್ಟಿರುತ್ತೇವೆ. ಮೇಜು ಹೇಗೂ ಹೋಗುತ್ತಿತ್ತು. ತಾನೇ ಕೊಟ್ಟು ಬರುವ ಒಂದು ಸೋಮವಾರ ಅಪ್ಪನಿಗೆ ಸಲ್ಲಬೇಕಾಗಿತ್ತು. ಅದನ್ನು ನಾನು ಕಳೆದೆ.

ಈಗ ನಾನು ಭಾಂಡುಪಿನಲ್ಲೇ ಇದ್ದೇನೆ, ಮಗನ ಮನೆಯಲ್ಲಿ. ನಮ್ಮ ಬಿಲ್ಡಿಂಗಿನ ಹಿಂದಿನ ಗೋಡೆಯ ಬುಡದಲ್ಲಿ ಯಾರೂ ನೆಡದ ಒಂದು ಎಕ್ಕದ ಗಿಡವಿದೆ. ಡಬ್ಬಿಯಲ್ಲಿ ಪಿನ್ನು ಸಿಕ್ಕ ಮರುದಿನ ಐತವಾರ. ಹತ್ತು ವರ್ಷದ ಮೊಮ್ಮಗಳು ತನ್ವಿಯನ್ನು ಕರೆದುಕೊಂಡು ಕೆಳಗೆ ಹೋದೆ. ಉದುರಿದ ಒಂದು ಎಲೆ ಎತ್ತಿ, ನೆರಳಿಗೆ ಬಂದು, ಅಂಗೈ ಮೇಲೆ ಎಲೆಯನ್ನೂ ಅಪ್ಪನ ಏಳನೆಯ ತುಂಡನ್ನೂ ಪಕ್ಕಪಕ್ಕ ಇಟ್ಟೆ. ಒಮ್ಮೆ ನೋಡಿದೆ, ನೆಲ ನೋಡಿದೆ, ಮತ್ತೊಮ್ಮೆ ನೋಡಿದೆ. ನನ್ನ ಕಣ್ಣಿಗೆ ಎರಡೂ ಒಂದೇ ಬೂದಿ.

"ಹೊಂದೈತೇನು, ತನ್ವೀ?"

ಅವಳು ಅಂಗೈ ನೋಡಿದಳು. ಆಮೇಲೆ ಮೆಲ್ಲಗೆ ಕಣ್ಣೆತ್ತಿ ನನ್ನ ಮುಖ ನೋಡತೊಡಗಿದಳು. ಆ ನೋಟ ನನಗೆ ಗೊತ್ತು. ಉಪ್ಪಿನ ಗದ್ದೆಯಲ್ಲಿ ಅಪ್ಪ ಎಷ್ಟು ಹೆದರಿದ್ದನೆಂದು ಈಗ ತಿಳಿಯಿತು. ಸೆರಗು ಎಳೆದು ಮುಖ ಮರೆಮಾಡಿಕೊಂಡೆ.

"ನನ್ನ ಮಾರಿ ನೋಡಬ್ಯಾಡ, ಕೂಸ. ಎಲಿ ನೋಡು. ಖರೇ ಹೇಳು."

ಸೆರಗಿನ ಆಚೆಯಿಂದ ತಡೆದು ತಡೆದು ಬಂದ ಅವಳ ಮಾತು: "ನಹೀ ಅಜ್ಜೀ... ಹೊಂದಿಲ್ಲ. ಲೀಫ್ ಗ್ರೀನ್ ಐತಿ. ಯೇ ಕಪಡಾ ತೊ... ಇನ್ನೂ ನೀಲಿ ಐತಿ. ಮಸ್ತ್ ನೀಲಿ."

ಅಪ್ಪನ ನೀಲಿ ಮಾಸಿಲ್ಲ. ಕೆನ್ನೆಯ ಮೇಲೆ ಇಳಿದದ್ದನ್ನು ಅದೇ ಸೆರಗಿನಿಂದ ಒರೆಸಿಕೊಂಡು, ತುಂಡನ್ನು ಪಿನ್ನಿಗೆ ಸಿಕ್ಕಿಸಲು ಹೋದೆ. ತುಕ್ಕು ಹಿಡಿದ ಪಿನ್ನು ನನ್ನ ಕೈಗೆ ಬಗ್ಗಲಿಲ್ಲ, ತನ್ವಿ ಸಿಕ್ಕಿಸಿದಳು. ಇಟ್ಟುಕೋ ಎಂದು ಅದನ್ನು ಅವಳ ಫ್ರಾಕಿನ ಕಿಸೆಗೇ ಹಾಕಿದೆ. ಮೇಲೆ ಹತ್ತಿ ಹೋಗಿ ಮಗನಿಗೆ ಹೇಳಿದೆ: ನನ್ನ ಕಣ್ಣಿಗೆ ಪೊರೆ ಬಂದಿದೆ, ನಾಳೆ ಸೋಮವಾರ, ಡಾಕ್ಟರ ಹತ್ತಿರ ನಾನೇ ಹೋಗುತ್ತೇನೆ.